ಕಾರು ಬಂತು, ಕೇಳಿದ ಸೀಟು ಬರಲಿಲ್ಲ: ಮೂರು ವರ್ಷ ಓಡಿಸಿದ ಮೇಲೆ

2021ರ ಆಗಸ್ಟ್‌ನಲ್ಲಿ ಬುಕ್ ಮಾಡಿ 2022ರ ನವೆಂಬರ್‌ನಲ್ಲಿ ಮನೆಗೆ ತಂದ ಯುರೋಪಿನ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದನ್ನು ಮೂರು ವರ್ಷಗಳಿಂದ ಬೆಂಗಳೂರಿನಲ್ಲಿ ಓಡಿಸುತ್ತಿದ್ದೇನೆ. ಮೀಟರು ಈಗ 19,400 ಕಿಲೋಮೀಟರ್ ತೋರಿಸುತ್ತಿದೆ. ಇಂಜಿನ್, ಗೇರ್‌ಬಾಕ್ಸ್, ಬ್ರೇಕುಗಳ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ, ಅವುಗಳ ಬಗ್ಗೆ ಬರೆಯುವವರೂ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಒಳಗೆ ಕುಳಿತಾಗ ಕೈಗೂ ಬೆನ್ನಿಗೂ ತಾಗುವ ವಸ್ತುಗಳ ಬಗ್ಗೆ, ಅಂದರೆ ಹೆಚ್ಚುವರಿ ಹಣಕ್ಕೆ ಆರಿಸಿಕೊಂಡಿದ್ದ ಒಳಾಂಗಣದ ಬಗ್ಗೆ. ಏಕೆಂದರೆ ಆರಿಸಿದ್ದರಲ್ಲಿ ಹೆಚ್ಚಿನದು ಬರಲೇ ಇಲ್ಲ. ಕಂಪನಿಯ ಹೆಸರನ್ನೂ ಶೋರೂಮಿನ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ನಾನು ಕೇಳಿದ್ದು ಆರು ಸಂಗತಿಗಳನ್ನು. ಒಳಗಿನ ಫ್ಯಾನಿನಿಂದ ಬೆನ್ನಿಗೆ ಗಾಳಿ ಕೊಡುವ ಸೀಟುಗಳು, ಇಬ್ಬರು ಚಾಲಕರ ಅಳತೆಯನ್ನು ನೆನಪಿಟ್ಟುಕೊಳ್ಳುವ ವಿದ್ಯುತ್ ಹೊಂದಾಣಿಕೆ, ಕಂದು ಬಣ್ಣದ ರಂಧ್ರಗಳಿರುವ ಚರ್ಮ, ಅದಕ್ಕೆ ಎದ್ದು ಕಾಣುವ ಬಿಳಿ ಹೊಲಿಗೆ, ಡ್ಯಾಶ್‌ಬೋರ್ಡಿಗೆ ಅದೇ ಚರ್ಮದ ಹೊದಿಕೆ, ಮತ್ತು ಅಲ್ಕಾಂಟಾರಾ ಎಂಬ ಬಟ್ಟೆ ಸುತ್ತಿದ ಸ್ಟೀರಿಂಗ್. ಕೊನೆಗೆ ಬಂದ ಕಾರಿನಲ್ಲಿ ಇದ್ದದ್ದು ಡ್ಯಾಶ್‌ಬೋರ್ಡಿನ ಚರ್ಮ ಒಂದೇ, ಅದೂ ಕಂದು ಹೋಗಿ ಕಪ್ಪಾಗಿತ್ತು.

ಇದನ್ನು ಶ್ರೀಮಂತರ ಗೋಳು ಎಂದು ನಕ್ಕು ಮುಂದೆ ಹೋಗುವವರಿಗೆ ನನ್ನ ಆಕ್ಷೇಪವಿಲ್ಲ, ನನ್ನ ತಂಗಿಯೂ ಹಾಗೆಯೇ ನಕ್ಕಳು. ಆದರೆ ನಮ್ಮಲ್ಲಿ ಈ ಆಯ್ಕೆಗಳಿಗೆ ಕೊಡುವ ಹಣದ ಲೆಕ್ಕವನ್ನು ಒಮ್ಮೆ ನೋಡಬೇಕು. ಹೊರದೇಶದಲ್ಲಿ ಪೂರ್ತಿ ಜೋಡಣೆಯಾಗಿ ಬರುವ, 40,000 ಡಾಲರ್ ಮೀರಿದ ಕಾರಿಗೆ ಆಗ ಮೂಲ ಸೀಮಾ ಸುಂಕವೇ ಶೇ. 100 ಇತ್ತು. ಅದರ ಮೇಲೆ ಶೇ. 28ರ ಜಿಎಸ್‌ಟಿ, ದೊಡ್ಡ ಇಂಜಿನ್ನಿನ ಕಾರೆಂದು ಶೇ. 20ರ ಪರಿಹಾರ ಸೆಸ್, ನೋಂದಣಿಗೆ ಹೋದಾಗ 20 ಲಕ್ಷ ರೂಪಾಯಿ ದಾಟಿದ ಕಾರುಗಳಿಗೆ ಕರ್ನಾಟಕದ ಶೇ. 18ರ ಆಜೀವ ತೆರಿಗೆ. ಹೀಗೆ ಒಂದರ ಮೇಲೊಂದು ಏರುತ್ತ ಹೋದಾಗ ಕಾರ್ಖಾನೆಯ ಬಾಗಿಲಲ್ಲಿ 1 ಲಕ್ಷ ರೂಪಾಯಿಯಾಗಿದ್ದ ಸೀಟಿನ ಆಯ್ಕೆ ಬೆಂಗಳೂರಿನ ರಸ್ತೆಗಿಳಿಯುವ ಹೊತ್ತಿಗೆ, ಮಾರಾಟಗಾರರ ಲಾಭವನ್ನು ಸೇರಿಸದೆಯೇ, ಸುಮಾರು ಮೂರೂವರೆ ಲಕ್ಷವಾಗಿರುತ್ತಿತ್ತು. ಇಷ್ಟು ಕೊಟ್ಟು ಆರಿಸುವವನು ಒಂದೊಂದನ್ನೂ ಹತ್ತು ಸಲ ಯೋಚಿಸಿಯೇ ಆರಿಸಿರುತ್ತಾನೆ.

2022ರ ಜನವರಿಯಲ್ಲಿ ಶೋರೂಮಿನಿಂದ ಒಂದು ಪತ್ರ ಬಂತು. ಪೂರೈಕೆಯ ಕೊರತೆಯಿಂದಾಗಿ ಗಾಳಿಯಾಡುವ ಸೀಟು ಮತ್ತು ನೆನಪಿನ ಸೌಲಭ್ಯವನ್ನು ನನ್ನ ಆರ್ಡರಿನಿಂದ ಕೈಬಿಡಲಾಗುತ್ತಿದೆ, ಒಪ್ಪಿಗೆಯನ್ನು 48 ಗಂಟೆಗಳೊಳಗೆ ತಿಳಿಸಬೇಕು, ಇಲ್ಲವಾದರೆ ಉತ್ಪಾದನೆಯ ಸರದಿ ಬೇರೆಯವರಿಗೆ ಹೋಗುತ್ತದೆ ಎಂದಿತ್ತು. ಐದು ತಿಂಗಳು ಕಾದವನಿಗೆ ಎರಡು ದಿನದ ಗಡುವು. ಒಪ್ಪಿದೆ. ಒಪ್ಪಿದ ಮೇಲೆ ಬಂದ ಪರಿಷ್ಕೃತ ಪಟ್ಟಿಯನ್ನು ನೋಡಿದರೆ ಎರಡಲ್ಲ, ನಾಲ್ಕು ಸಾಲುಗಳು ಮಾಯವಾಗಿದ್ದವು. ಫ್ಯಾನ್ ಇಲ್ಲದಿದ್ದರೆ ರಂಧ್ರಗಳಿರುವ ಚರ್ಮವಿಲ್ಲ, ಆ ಚರ್ಮವಿಲ್ಲದಿದ್ದರೆ ಆ ಕಂದು ಬಣ್ಣವಿಲ್ಲ, ಬಣ್ಣವಿಲ್ಲದಿದ್ದರೆ ಬಿಳಿ ಹೊಲಿಗೆಯೂ ಇಲ್ಲ. ಒಳಾಂಗಣದ ಆಯ್ಕೆಗಳು ಹೊರಗಿನಿಂದ ಬಿಡಿಬಿಡಿಯಾಗಿ ಕಂಡರೂ ಒಳಗೆ ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ ಎಂಬುದನ್ನು ಬುಕಿಂಗ್ ದಿನ ಯಾರೂ ಹೇಳಿರಲಿಲ್ಲ. ಸ್ಟೀರಿಂಗಿನ ಅಲ್ಕಾಂಟಾರಾ ಹೋದದ್ದು ಇನ್ನೂ ತಡವಾಗಿ, ಏಪ್ರಿಲ್‌ನಲ್ಲಿ, ಒಂದು ಸಾಲಿನ ಇಮೇಲಿನಲ್ಲಿ.

ಕೊರತೆಯಂತೂ ಸುಳ್ಳಾಗಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಕಾರು ಕಂಪನಿಗಳು ಚಿಪ್ ಖರೀದಿಯನ್ನು ರದ್ದು ಮಾಡಿದವು; ಅದೇ ಹೊತ್ತಿಗೆ ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪುಗಳಿಗೆ ಬೇಡಿಕೆ ಏರಿ ಚಿಪ್ ಕಾರ್ಖಾನೆಗಳ ಜಾಗ ಆ ಕಡೆ ಹೋಯಿತು. 2021ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ಹಿಮಗಾಳಿ ಆಸ್ಟಿನ್ ನಗರದ ಚಿಪ್ ಕಾರ್ಖಾನೆಗಳನ್ನು ನಿಲ್ಲಿಸಿತು, ಜೊತೆಗೆ ಅಲ್ಲಿನ ಪೆಟ್ರೋರಾಸಾಯನಿಕ ಘಟಕಗಳೂ ನಿಂತು ಸೀಟಿನೊಳಗಿನ ಫೋಮ್ ತಯಾರಿಸುವ ಕಚ್ಚಾವಸ್ತುವಿಗೆ ತತ್ವಾರ ಬಂತು. ಮಾರ್ಚ್‌ನಲ್ಲಿ ಜಪಾನಿನ ನಾಕಾದಲ್ಲಿರುವ ರೆನೆಸಾಸ್ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಕಡಿಮೆಯಿದ್ದಾಗ ಇದ್ದಷ್ಟನ್ನು ಇಂಜಿನ್, ಬ್ರೇಕ್, ಏರ್‌ಬ್ಯಾಗುಗಳಿಗೆ ಕೊಟ್ಟು ಬೆನ್ನಿಗೆ ಗಾಳಿ ಬಿಡುವ ಮಾಡ್ಯೂಲನ್ನು ಕೈಬಿಡುವುದು ಯಾರಾದರೂ ಮಾಡುವ ಕೆಲಸವೇ. ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದರೂ ನನ್ನ ತಲೆಯಲ್ಲಿ ಒಂದು ಆಸೆ ಉಳಿದಿತ್ತು. ಶೋರೂಮಿನವರು ಫೋನಿನಲ್ಲಿ, ಬರವಣಿಗೆಯಲ್ಲಿ ಅಲ್ಲ, "ಪಾರ್ಟ್ಸ್ ಬಂದ ಮೇಲೆ ಇಲ್ಲೇ ಹಾಕಿಸಿಕೊಡ್ತೀವಿ ಸಾರ್" ಎಂದಿದ್ದರು. ಅದನ್ನು ನಂಬಿಕೊಂಡು ಓಡಾಡುತ್ತಿದ್ದವನ ಆಸೆಯನ್ನು ಮುರಿದವರು ನಮ್ಮ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ನೆರೆಯವರು. ಬೆಂಗಳೂರಿನ ಅನುಕೂಲವೆಂದರೆ ಇದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದ ಮೇಲೆ ಚಿಪ್ಪಿನ ನಕ್ಷೆ ಬರೆಯುವವರಿಗೂ ಕಾರಿನ ಎಲೆಕ್ಟ್ರಾನಿಕ್ಸ್ ಬಲ್ಲವರಿಗೂ ಈ ಊರಿನಲ್ಲಿ ಬರವಿಲ್ಲ. ಅವರು ಕಾರುಗಳ ವೈರಿಂಗ್ ವಿನ್ಯಾಸದ ಕೆಲಸದಲ್ಲೇ ಇರುವವರು. ಕಾಫಿ ಕುಡಿಯುತ್ತ ವಿವರಿಸಿದರು: ದುಬಾರಿ ಕಾರುಗಳಲ್ಲಿ ವೈರಿಂಗ್ ಹಾರ್ನೆಸ್ಸನ್ನು, ಅಂದರೆ ಕಾರಿನ ಉದ್ದಗಲಕ್ಕೂ ಹರಡಿರುವ ತಂತಿಗಳ ಕಟ್ಟನ್ನು, ಪ್ರತಿ ಗ್ರಾಹಕನ ಆರ್ಡರಿಗೆ ತಕ್ಕಂತೆ ಬೇರೆ ಬೇರೆಯಾಗಿ, ಬಹುಪಾಲು ಕೈಯಿಂದಲೇ ಕಟ್ಟುತ್ತಾರೆ. ನೀವು ಆರಿಸದ ಸೌಲಭ್ಯಕ್ಕೆ ಬೇಕಾದ ತಂತಿ ಆ ಕಟ್ಟಿನಲ್ಲಿ ಇರುವುದೇ ಇಲ್ಲ. ಆರ್ಡರಿನಿಂದ ಸೀಟಿನ ಫ್ಯಾನ್ ತೆಗೆದ ದಿನವೇ ಅದರ ತಂತಿಯೂ ಹೋಗಿದೆ. ನಾಳೆ ಸೀಟು ಸಿಕ್ಕಿದರೂ ಅದನ್ನು ಸಿಕ್ಕಿಸಲು ಕೆಳಗೆ ಏನೂ ಇರುವುದಿಲ್ಲ, ಹಾಕಬೇಕೆಂದರೆ ಕಾರಿನ ನೆಲಹಾಸನ್ನೆಲ್ಲ ಬಿಚ್ಚಬೇಕು.

ಇದನ್ನು ಕೇಳಿ ಕೆಲವೇ ದಿನಗಳಲ್ಲಿ, 2022ರ ಫೆಬ್ರುವರಿ 24ರಂದು, ಉಕ್ರೇನಿನ ಮೇಲೆ ಯುದ್ಧ ಶುರುವಾಯಿತು. ಜರ್ಮನಿಯ ಕಾರು ಕಾರ್ಖಾನೆಗಳಿಗೆ ಈ ತಂತಿ ಕಟ್ಟುಗಳನ್ನು ಕಳಿಸುತ್ತಿದ್ದ ಲಿಯೋನಿ ಕಂಪನಿಯ ಘಟಕಗಳು ಇದ್ದದ್ದು ಪಶ್ಚಿಮ ಉಕ್ರೇನಿನ ಸ್ಟ್ರೀಯಲ್ಲಿ ಮತ್ತು ಕೊಲೊಮಿಯಾದಲ್ಲಿ. ಬಿಎಂಡಬ್ಲ್ಯು, ಫೋಕ್ಸ್‌ವಾಗನ್‌ಗಳಂಥವು ಕೆಲವು ಕಾರ್ಖಾನೆಗಳನ್ನು ನಿಲ್ಲಿಸಬೇಕಾಯಿತು. ಅದೇ ತಿಂಗಳು ಅಟ್ಲಾಂಟಿಕ್ಕಿನಲ್ಲಿ ಸುಮಾರು 4,000 ಕಾರುಗಳನ್ನು ಹೊತ್ತಿದ್ದ ಫೆಲಿಸಿಟಿ ಏಸ್ ಹಡಗಿಗೆ ಬೆಂಕಿ ಬಿದ್ದು, ಮಾರ್ಚ್ 1ರಂದು ಅದು ಅಜೋರ್ಸ್ ದ್ವೀಪಗಳ ಬಳಿ ಮುಳುಗಿತು. ನನ್ನ ಕಾರು ಆಗಿನ್ನೂ ಹುಟ್ಟಿಯೇ ಇರಲಿಲ್ಲವಾದ್ದರಿಂದ ಬಚಾವಾಯಿತು ಎಂದು ಮನೆಯಲ್ಲಿ ತಮಾಷೆ ಮಾಡಿದರು. ಮಾರ್ಚ್‌ಗೆ ಎಂದಿದ್ದ ಉತ್ಪಾದನೆ ಜುಲೈಗೆ ಹೋಯಿತು.

ಕಾರು ಬರುವ ಮೊದಲು ಲೆಕ್ಕದ ಒಂದು ಜಗಳವೂ ಆಯಿತು. ಕೈಬಿಟ್ಟ ಆಯ್ಕೆಗಳ ಬೆಲೆಯನ್ನು ಎಕ್ಸ್‌ಶೋರೂಮ್ ದರದಲ್ಲಿ ಇಳಿಸಿದ್ದರು, ಸರಿ. ಆದರೆ ಆಜೀವ ತೆರಿಗೆ, ವಿಮೆ, ಮಾರುವಾಗಲೇ ವಸೂಲು ಮಾಡುವ ಶೇ. 1ರ ಆದಾಯ ತೆರಿಗೆ (ಟಿಸಿಎಸ್) ಮೂರನ್ನೂ ಹಳೆಯ ಮೊತ್ತದ ಮೇಲೆಯೇ ಹಾಕಿದ್ದರು. ಹೊಸ ಪಟ್ಟಿ ಕೊಡಿ ಎಂದು ಮೂರು ವಾರ ಓಡಾಡಿದೆ. ಮೋಸವೆಂದು ನಾನು ಹೇಳುವುದಿಲ್ಲ, ಹಳೆಯ ಹಾಳೆಯ ಮೇಲಿನ ಸಂಖ್ಯೆಯನ್ನು ಯಾರೋ ಹಾಗೆಯೇ ಬಿಟ್ಟಿದ್ದರು ಅಷ್ಟೆ. ಆದರೆ ಆ ಬಿಟ್ಟ ಸಂಖ್ಯೆ ಒಳ್ಳೆಯದೊಂದು ಸ್ಕೂಟರಿನ ಬೆಲೆಯಷ್ಟಿತ್ತು.

ಇನ್ನು ಮೂರು ವರ್ಷಗಳ ಬಳಕೆ. ಮೊದಲಿಗೆ ಸ್ಟೀರಿಂಗ್, ಏಕೆಂದರೆ ಇಲ್ಲಿ ಕೊರತೆ ನನಗೆ ಉಪಕಾರವನ್ನೇ ಮಾಡಿತು. ಅಲ್ಕಾಂಟಾರಾ ಚರ್ಮವಲ್ಲ, ಇಟಲಿಯ ನೇರಾ ಮೊಂತೊರೊ ಎಂಬಲ್ಲಿ ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನ್ ಸೇರಿಸಿ ತಯಾರಿಸುವ, ಮಖಮಲ್ಲಿನಂತೆ ಮೃದುವಾದ ಬಟ್ಟೆ. ಹೊಸತರಲ್ಲಿ ಹಿಡಿತ ಬಹಳ ಚೆನ್ನ. ಗೆಳೆಯರೊಬ್ಬರ ಕಾರಿನಲ್ಲಿ ಅದೇ ಇದೆ, ಎರಡು ಬೇಸಿಗೆಯ ಅಂಗೈ ಬೆವರು ಮತ್ತು ನಮ್ಮ ರಸ್ತೆಗಳ ಧೂಳು ಸೇರಿ ಗಡಿಯಾರದ ಹತ್ತು ಮತ್ತು ಎರಡು ಗಂಟೆಯ ಜಾಗಗಳಲ್ಲಿ ನೂಲು ಅಂಟಿಕೊಂಡು ಹಳೆಯ ಕಂಬಳಿಯಂತಾಗಿದೆ. ಅವರು ಮೃದು ಬ್ರಷ್ಷು ಹಿಡಿದು ತಿಂಗಳಿಗೊಮ್ಮೆ ಸೇವೆ ಮಾಡುತ್ತಾರೆ. ನನ್ನ ನಯವಾದ ಚರ್ಮದ ಸ್ಟೀರಿಂಗನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಡ್ಯಾಶ್‌ಬೋರ್ಡಿನ ಕಪ್ಪು ಚರ್ಮವೂ ಹಾಗೆಯೇ. ಕಂದು ಬಂದಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಪ್ರತಿಬಿಂಬ ಮುಂಗಾಜಿನ ಮೇಲೆ ತೇಲುತ್ತಿತ್ತು ಎಂಬುದು ಬೇರೊಂದು ಕಾರನ್ನು ಓಡಿಸಿ ನೋಡಿದಾಗ ತಿಳಿಯಿತು. ಮಳೆಗಾಲದಲ್ಲಿ ಮಾತ್ರ ಜಾಗ್ರತೆ ಬೇಕು. ಮೊದಲ ವರ್ಷ ಜುಲೈನಲ್ಲಿ ಊರಿಗೆ ಹೋಗಿ ಮೂರು ವಾರ ಕಾರನ್ನು ನೆಲಮಾಳಿಗೆಯಲ್ಲಿ ಮುಚ್ಚಿಟ್ಟಿದ್ದೆ, ಬಂದು ನೋಡಿದರೆ ಸೀಟಿನ ಅಂಚಿನಲ್ಲಿ ಬೂದು ಬೂಷ್ಟು. ಒರೆಸಿದರೆ ಹೋಯಿತು, ಕಲೆ ಉಳಿಯಲಿಲ್ಲ.

ಬಿಳಿ ಹೊಲಿಗೆ ಇಲ್ಲದ್ದನ್ನು ಎರಡನೆಯ ತಿಂಗಳಿಗೇ ಮರೆತೆ.

ಮರೆಯಲಾಗದ್ದು ಗಾಳಿಯ ಸೀಟು. ಇದನ್ನು ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ಬುಕ್ ಮಾಡುವಾಗ ನನಗೇ ಇದು ಆರರಲ್ಲಿ ಐದನೆಯ ಸ್ಥಾನದ ವಿಷಯವಾಗಿತ್ತು. ಸ್ಪೋರ್ಟ್ಸ್ ಕಾರಿನ ಸೀಟು ಮಾಮೂಲಿ ಸೀಟಿನಂತಲ್ಲ. ತಿರುವಿನಲ್ಲಿ ದೇಹ ಜಾರದಂತೆ ಎರಡೂ ಪಕ್ಕೆಗಳನ್ನು ಒತ್ತಿ ಹಿಡಿಯುತ್ತದೆ. ನಂದಿಬೆಟ್ಟಕ್ಕೆ ಬೆಳಿಗ್ಗೆ ಐದಕ್ಕೆ ಹೊರಟಾಗ ಅದು ಸುಖ. ಆದರೆ ನನ್ನ 19,400 ಕಿಲೋಮೀಟರುಗಳಲ್ಲಿ ಬೆಟ್ಟದ ರಸ್ತೆಗಿಂತ ಹೆಬ್ಬಾಳದ ಮೇಲ್ಸೇತುವೆ ಮತ್ತು ಹೊರವರ್ತುಲ ರಸ್ತೆಯದೇ ಹೆಚ್ಚಿನ ಪಾಲು. ಏಪ್ರಿಲ್‌ನ ಸಂಜೆ ಒಂದು ಗಂಟೆಯಲ್ಲಿ ಎಂಟು ಕಿಲೋಮೀಟರ್ ಸಾಗುವಾಗ, ಏಸಿ ಎಷ್ಟೇ ತಣ್ಣಗಿದ್ದರೂ ಅದು ಮುಖಕ್ಕೆ ಮಾತ್ರ. ರಂಧ್ರವಿಲ್ಲದ ಕಪ್ಪು ಚರ್ಮಕ್ಕೂ ಬೆನ್ನಿಗೂ ನಡುವೆ ಗಾಳಿ ಹೋಗಲು ಎಡೆಯೇ ಇಲ್ಲ. ಕಚೇರಿಯ ಸಭೆಗೆ ಅಂಗಿ ಬದಲಿಸಿಕೊಂಡು ಹೋದ ದಿನಗಳಿವೆ. ಹನ್ನೆರಡು ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸುವ ಫ್ಯಾನಿನ ಮೆತ್ತೆಯೊಂದನ್ನು ತರಿಸಿದೆ. ಅದರ ಅಗಲ ಸೀಟಿನ ಪಕ್ಕೆಗಳ ನಡುವೆ ಕೂರಲಿಲ್ಲ, ಕೂರಿಸಿದರೆ ನನ್ನ ತಲೆ ಮೇಲ್ಛಾವಣಿಗೆ ತಾಗಿತು.

ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೂ ಹೋಗಿಬಂದೆ. ಸೀಟು ಹೊಲಿಯುವ ಕೆಲಸದಲ್ಲಿ ತಲೆ ನರೆಸಿದ ಮೇಸ್ತ್ರಿಯೊಬ್ಬರು ಸೀಟಿನ ಹೊರ ಅಂಚಿನ ಹೊಲಿಗೆಯನ್ನು ಬೆರಳಿನಲ್ಲಿ ಸವರಿ, "ಇದ್ರೊಳಗೆ ಏರ್‌ಬ್ಯಾಗ್ ಐತೆ ಸಾರ್, ಒಡೆದಾಗ ಈ ಹೊಲಿಗೆ ಬಿಟ್ಕೋಬೇಕು, ನಾನು ಗಟ್ಟಿಯಾಗಿ ಹೊಲಿದ್ರೆ ಬಿಡಲ್ಲ" ಎಂದು ಕೆಲಸವನ್ನೇ ಒಪ್ಪಿಕೊಳ್ಳಲಿಲ್ಲ. ಈ ಇಡೀ ಪ್ರಸಂಗದಲ್ಲಿ ನನಗೆ ಆಗದ್ದನ್ನು ಆಗದು ಎಂದು ನೇರವಾಗಿ ಹೇಳಿದವರು ಇಬ್ಬರೇ, ಆ ನೆರೆಯವರು ಮತ್ತು ಈ ಮೇಸ್ತ್ರಿ.

ನೆನಪಿನ ಸೌಲಭ್ಯವಿಲ್ಲದ್ದು ಗಾಳಿಯಷ್ಟು ಕಾಡಲಿಲ್ಲ, ಆದರೆ ಮನೆಯೊಳಗೆ ಕಾಡಿತು. ನಾನು ಆರಡಿ, ನನ್ನ ಹೆಂಡತಿ ಐದಡಿ ಎರಡಂಗುಲ. ಅವಳು ಭಾನುವಾರ ಮಲ್ಲೇಶ್ವರಕ್ಕೆ ತವರಿಗೆ ಹೋಗಿಬಂದರೆ ಸೋಮವಾರ ಬೆಳಿಗ್ಗೆ ನಾನು ಮೊಣಕಾಲು ಮಡಿಚಿ ಒಳಗೆ ತೂರಬೇಕು, ಆಮೇಲೆ ಕೆಳಗಿನ ಕಡ್ಡಿ ಹಿಡಿದು ಹಿಂದೆ ಸರಿಸಬೇಕು. ಈಗ ಸೀಟಿನ ಹಳಿಯ ಮೇಲೆ ಅವಳದೊಂದು, ನನ್ನದೊಂದು ಬಿಳಿ ಗುರುತು ಹಾಕಿಕೊಂಡಿದ್ದೇವೆ. ಚಿಪ್ ಬೇಡದ ನೆನಪು.

ಈಗ ಇಂಥ ಕಾರು ಬುಕ್ ಮಾಡಲು ಹೊರಟ ಪರಿಚಿತರು ನನ್ನನ್ನು ಕೇಳಿದರೆ ಚರ್ಮದ ಬಣ್ಣದ ಮಾತು ನಾನು ಎತ್ತುವುದಿಲ್ಲ. ಆಯ್ಕೆಯೊಂದು ಕೈಬಿಟ್ಟರೆ ಅದರ ಜೊತೆಗೆ ಇನ್ನೇನು ಹೋಗುತ್ತದೆ, ಸೀಟು ಸಿಗದಿದ್ದರೂ ತಂತಿಯನ್ನಾದರೂ ಎಳೆದು ಕಳಿಸುತ್ತೀರಾ, ಎಂಬ ಎರಡು ಪ್ರಶ್ನೆಗಳಿಗೆ ಬುಕಿಂಗ್ ಹಣ ಕೊಡುವ ಮೊದಲೇ ಬರವಣಿಗೆಯಲ್ಲಿ ಉತ್ತರ ಪಡೆಯಿರಿ ಎನ್ನುತ್ತೇನೆ. ಐದರಲ್ಲಿ ಅಂಕ ಕೊಡಬೇಕೆಂದರೆ ಕಾರಿಗೆ ನಾಲ್ಕೂವರೆ, ಬಂದ ಒಳಾಂಗಣಕ್ಕೆ ಮೂರೂವರೆ, ಆರ್ಡರ್ ನಡೆಸಿಕೊಂಡ ರೀತಿಗೆ ಒಂದೂವರೆ.

ನನ್ನ ಕಾರಿನ ಗೇರ್ ಲಿವರಿನ ಪಕ್ಕದಲ್ಲಿ, ಸೀಟಿನ ಫ್ಯಾನಿನ ಗುಂಡಿ ಇರಬೇಕಾಗಿದ್ದ ಜಾಗಕ್ಕೆ, ಏನೂ ಬರೆಯದ ಒಂದು ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದಾರೆ. ಟ್ರಾಫಿಕ್ಕಿನಲ್ಲಿ ನಿಂತಾಗ ಸುಮ್ಮನೆ ಒತ್ತಿ ಒತ್ತಿ ಅದು ಸಡಿಲವಾಗಿತ್ತು. ಕಳೆದ ತಿಂಗಳು ಸರ್ವಿಸಿಗೆ ಬಿಟ್ಟಾಗ ಹೇಳಿದೆ. ಎರಡೇ ದಿನದಲ್ಲಿ ಹೊಸದು ತರಿಸಿ, ಹಣ ತೆಗೆದುಕೊಳ್ಳದೆ ಹಾಕಿಕೊಟ್ಟರು.