ಡೆಬಿಯನ್ ಬ್ಯಾಕ್‌ಪೋರ್ಟ್ಸ್: ಸ್ಥಿರ ವ್ಯವಸ್ಥೆಯಲ್ಲಿ ಹೊಸ ತಂತ್ರಾಂಶ

ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ 12ನೇ ಸ್ಥಿರ ಆವೃತ್ತಿ 2023ರ ಜೂನ್‌ನಲ್ಲಿ ಬಿಡುಗಡೆಯಾಯಿತು; ಅದು ತನ್ನೊಂದಿಗೆ ಯಂತ್ರಾಂಶವನ್ನು ನಡೆಸುವ ತಿರುಳಾದ ಕರ್ನೆಲ್ಲಿನ 6.1 ಆವೃತ್ತಿಯನ್ನು ತಂದಿತು. ಅದರ ನಂತರ ತಯಾರಾದ ನನ್ನ ಲ್ಯಾಪ್‌ಟಾಪಿನ ವೈಫೈ ಚಿಪ್ಪನ್ನು ಆ ಕರ್ನೆಲ್ ಗುರುತಿಸಲಿಲ್ಲ. ಇಡೀ ವ್ಯವಸ್ಥೆಯನ್ನು ಬದಲಿಸದೆ ಆ ತೊಡಕನ್ನು ನಿವಾರಿಸಿದ್ದು, ಸ್ಥಿರ ಆವೃತ್ತಿಗೆ ಹೊಸ ತಂತ್ರಾಂಶವನ್ನು ಒದಗಿಸುವ ಬ್ಯಾಕ್‌ಪೋರ್ಟ್ಸ್ ಭಂಡಾರದಿಂದ ಪಡೆದ 6.12 ಕರ್ನೆಲ್.

ಈ ಸೇವೆಯಲ್ಲಿ ನಾನು ಬಹಳವಾಗಿ ಮೆಚ್ಚುವುದು ಅದರ ಸಂಯಮವನ್ನು. ಮುಂದಿನ ಬಿಡುಗಡೆಗೆ ಸಿದ್ಧವಾಗುತ್ತಿರುವ ಟೆಸ್ಟಿಂಗ್ ಶಾಖೆಯ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಸ್ಥಿರ ಆವೃತ್ತಿಯ ಲೈಬ್ರರಿಗಳಿಗೆ ಹೊಂದುವಂತೆ ಮರಳಿ ಕಂಪೈಲ್ ಮಾಡಿ ಇಲ್ಲಿ ಇಡುತ್ತಾರೆ. ಆದರೆ ಪ್ಯಾಕೇಜನ್ನು ಎಲ್ಲಿಂದ ಪಡೆಯಬೇಕೆಂದು ವ್ಯವಸ್ಥೆ ತೀರ್ಮಾನಿಸಲು ಬಳಸುವ ಆದ್ಯತೆಯ ಅಂಕ ಸಾಮಾನ್ಯ ಭಂಡಾರಕ್ಕೆ 500 ಆಗಿದ್ದರೆ ಇದರದು ಕೇವಲ 100 ಆಗಿರುವುದರಿಂದ, ನಾವು ಹೆಸರಿಸಿ ಕೇಳದ ಹೊರತು ಸ್ಥಿರ ಪ್ಯಾಕೇಜಿನ ಜಾಗವನ್ನು ಇಲ್ಲಿನದು ಆಕ್ರಮಿಸುವುದಿಲ್ಲ. ಒಮ್ಮೆ ಕೇಳಿ ಪಡೆದದ್ದಕ್ಕೆ ಮುಂದಿನ ಪರಿಷ್ಕರಣೆಗಳು ತಾವಾಗಿಯೇ ಬರುತ್ತವೆ. ಟೆಸ್ಟಿಂಗ್ ಭಂಡಾರವನ್ನೇ ನೇರವಾಗಿ ಸೇರಿಸಿದರೆ ಒಂದು ಪ್ಯಾಕೇಜಿನ ಬೆನ್ನಿಗೆ, ಬಹುತೇಕ ಎಲ್ಲ ತಂತ್ರಾಂಶಗಳೂ ನೆಚ್ಚಿಕೊಂಡಿರುವ ಸಿ ಲೈಬ್ರರಿಯೂ ಬದಲಾಗಬಹುದು. ಆ ದಾರಿಯನ್ನು ನಾನು ಯಾರಿಗೂ ಸೂಚಿಸಲಾರೆ.

ಕೊರತೆಯೊಂದಿದೆ. ಈ ಪ್ಯಾಕೇಜುಗಳ ಭದ್ರತಾ ತಿದ್ದುಪಡಿಯ ಹೊಣೆ ಡೆಬಿಯನ್ ಭದ್ರತಾ ತಂಡದ್ದಲ್ಲ, ಅವುಗಳನ್ನು ಸಿದ್ಧಪಡಿಸುವ ಸ್ವಯಂಸೇವಕರದು. ಆದ್ದರಿಂದ ಸರ್ವರ್‌ಗಳಲ್ಲಿ ಅನಿವಾರ್ಯವಾದ ಒಂದೆರಡನ್ನು ಮಾತ್ರ ಇಲ್ಲಿಂದ ಪಡೆಯುವುದು ಲೇಸು.