ಮುದ್ರಿಸಿ ಕತ್ತರಿಸುವ ಫ್ರಾಕ್ ಪ್ಯಾಟರ್ನ್: ಒಂದು ವರ್ಷ, ಐದು ಉಡುಪುಗಳ ಬಳಿಕ

ಕಳೆದ ವರ್ಷದ ನಾಗರ ಪಂಚಮಿಗೆ ಆರು ವರ್ಷದ ಮಗಳಿಗೆ ಗುಳೇದಗುಡ್ಡದ ಖಣದಲ್ಲಿ ಫ್ರಾಕ್ ಹೊಲಿಯಬೇಕೆಂದು ನಿಶ್ಚಯಿಸಿದಾಗ, ಟೈಲರಿಂಗ್ ತರಗತಿಯಲ್ಲಿ ಕಲಿತಂತೆ ಕಂದು ಕಾಗದದ ಮೇಲೆ ನಾನೇ ಗೆರೆ ಎಳೆಯುವ ಬದಲು, ಹೊರದೇಶದ ಒಂದು ಸಣ್ಣ ಸಂಸ್ಥೆ ಮಾರುವ ಸಿದ್ಧ ಪ್ಯಾಟರ್ನನ್ನು, ಅಂದರೆ ಬಟ್ಟೆ ಕತ್ತರಿಸಲು ಅಳತೆಗೆ ಸರಿಯಾಗಿ ಬಿಡಿಸಿದ ನಕ್ಷೆಯನ್ನು, ಸುಮಾರು 900 ರೂಪಾಯಿ ಕೊಟ್ಟು ಕೊಂಡೆ. ಈ ಒಂದು ವರ್ಷದಲ್ಲಿ ಅದರಿಂದ ಮಗಳಿಗೆ ಮೂರು, ಅಣ್ಣನ ಮಗಳಿಗೆ ಎರಡು, ಒಟ್ಟು ಐದು ಫ್ರಾಕುಗಳನ್ನು ಹೊಲಿದಿದ್ದೇನೆ. ಇಂಥ ಪ್ಯಾಟರ್ನ್ ಮಾರುವವರು ಅನೇಕರಿದ್ದು ಹೆಚ್ಚುಕಡಿಮೆ ಎಲ್ಲರ ಕ್ರಮವೂ ಒಂದೇ ಆಗಿರುವುದರಿಂದ, ಸಂಸ್ಥೆಯ ಹೆಸರಿಗಿಂತ ಈ ಕ್ರಮದ ಗುಣದೋಷಗಳನ್ನು ಹೇಳುವುದೇ ಓದುವವರಿಗೆ ಹೆಚ್ಚು ಉಪಯೋಗವಾದೀತು. ನನ್ನ ಅಭಿಪ್ರಾಯವನ್ನು ಮೊದಲೇ ತಿಳಿಸುತ್ತೇನೆ: ಉಡುಪಿನ ಆಕಾರದಲ್ಲಿ ಮತ್ತು ಹೊಲಿಗೆಯ ಅನುಕ್ರಮದಲ್ಲಿ ಈ ಪ್ಯಾಟರ್ನ್ ನನಗೆ ತರಗತಿಯಲ್ಲಿ ಸಿಗದಿದ್ದ ಶಿಸ್ತನ್ನು ಕಲಿಸಿತು, ಆದರೆ ಬೆಳೆಯುವ ಮಗುವಿಗಾಗಿ ಒಳಗೆ ಬಟ್ಟೆ ಬಿಡಬೇಕೆಂಬ, ನಮ್ಮ ಮನೆಗಳಲ್ಲಿ ಯಾರೂ ಹೇಳಿಕೊಡದೆಯೇ ಬರುವ ವಿವೇಕ ಅದರಲ್ಲಿ ಇಲ್ಲ.

ಹಣ ಕಟ್ಟಿದ ಮೇಲೆ ಕೈಗೆ ಬರುವುದು ಒಂದು ಪಿಡಿಎಫ್ ಕಡತ ಮತ್ತು ಚಿತ್ರಸಹಿತವಾದ ಸೂಚನಾ ಪುಸ್ತಿಕೆ. 3ರಿಂದ 9 ವರ್ಷದವರೆಗಿನ ಏಳು ಅಳತೆಗಳ ಗೆರೆಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಕಂಪ್ಯೂಟರಿನಲ್ಲಿ ಬೇಡದ ಅಳತೆಗಳನ್ನು ಮರೆಮಾಡಿ ಬೇಕಾದದ್ದನ್ನು ಮಾತ್ರ ಮುದ್ರಿಸಬಹುದು. ಮನೆಯ ಪ್ರಿಂಟರಿಗಾದರೆ 28 ಹಾಳೆಗಳನ್ನು ಅಂಚಿಗೆ ಅಂಚು ಹೊಂದಿಸಿ ಅಂಟಿಸಬೇಕು. ಈ ಕೆಲಸಕ್ಕೆ ನನಗೆ ಒಂದು ಮಧ್ಯಾಹ್ನವೇ ಹಿಡಿಯಿತು.

ಮೊದಲ ಸಲ ಎಡವಿದ್ದೂ ಇಲ್ಲಿಯೇ. ಬಡಾವಣೆಯ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿದಾಗ, ಅಮೆರಿಕದ ಲೆಟರ್ ಹಾಳೆಯ ಅಳತೆಗೆ ಸಿದ್ಧಪಡಿಸಿದ್ದ ಪುಟಗಳನ್ನು ಯಂತ್ರವು ನಮ್ಮ ಎ4 ಹಾಳೆಗೆ ಹೊಂದಿಸಲು ತಾನಾಗಿಯೇ ಕುಗ್ಗಿಸಿತು. ಲೆಟರ್ ಹಾಳೆಯ ಅಗಲ 216 ಮಿಲಿಮೀಟರ್, ಎ4 ಹಾಳೆಯ ಅಗಲ 210; ಹೀಗಾಗಿ ಪ್ಯಾಟರ್ನ್ ಶೇ. 97ಕ್ಕೆ ಇಳಿದಿತ್ತು. ಮೂರು ಶೇಕಡಾ ಎಂದರೆ ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ. ಆದರೆ ಎದೆಯ ಬಳಿ 63 ಸೆಂಟಿಮೀಟರ್ ಸುತ್ತಳತೆ ಬರಬೇಕಾದ ಉಡುಪಿನಲ್ಲಿ ಅದು ಸುಮಾರು 2 ಸೆಂಟಿಮೀಟರನ್ನು ನುಂಗಿಬಿಡುತ್ತದೆ, ಮತ್ತು ಮಗು ಸಲೀಸಾಗಿ ಉಸಿರಾಡಿ, ಕೈಯೆತ್ತಿ ಆಡಲು ಬಿಟ್ಟಿರುವ ಸಡಿಲಿಕೆಯ ಕಾಲು ಭಾಗ ಅಲ್ಲಿಯೇ ಹೋಗುತ್ತದೆ. ಮೊದಲ ಪುಟದಲ್ಲಿ 5 ಸೆಂಟಿಮೀಟರಿನ ಒಂದು ಚೌಕವನ್ನು ಕೊಟ್ಟಿರುವುದು ಇದಕ್ಕಾಗಿಯೇ: ಆ ಒಂದು ಪುಟವನ್ನು ಮೊದಲು ಮುದ್ರಿಸಿ, ಟೇಪಿನಿಂದಲ್ಲದೆ ಸ್ಕೇಲಿನಿಂದ ಚೌಕವನ್ನು ಅಳೆದು, ಸರಿಯಿದ್ದರೆ ಮಾತ್ರ ಉಳಿದದ್ದನ್ನು ಮುದ್ರಿಸಬೇಕು. ನಾನು ಅಳೆಯದೆಯೇ 28 ಪುಟಗಳನ್ನೂ ಅಂಟಿಸಿ, ಹಳೆಯ ಪಂಚೆಯಲ್ಲಿ ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿದ ಮೇಲೆ ತಪ್ಪನ್ನು ಕಂಡುಕೊಂಡೆ. ಎರಡನೆಯ ಸಲ ಇನ್ನೊಂದು ದಾರಿ ಹಿಡಿದೆ. ಅದೇ ಕಡತದ ಜೊತೆ ಎ0 ಅಳತೆಯ, ಅಂದರೆ 841ಕ್ಕೆ 1189 ಮಿಲಿಮೀಟರಿನ, ಒಂದೇ ದೊಡ್ಡ ಹಾಳೆಯ ಕಡತವೂ ಇರುತ್ತದೆ. ಮನೆ ಕಟ್ಟುವವರ ನಕ್ಷೆಗಳನ್ನು ಮುದ್ರಿಸುವ ಅಂಗಡಿಗೆ ಅದನ್ನು ಒಯ್ದರೆ ಅಂಟಿಸುವ ಕೆಲಸವೇ ಇಲ್ಲ. ಈ ಮೂಲ ಹಾಳೆಯನ್ನು ಎಂದೂ ಕತ್ತರಿಸಬಾರದು. ಬೇಕಾದ ಅಳತೆಯನ್ನು ಬೆಣ್ಣೆ ಕಾಗದದ ಮೇಲೆ ತಿದ್ದಿಕೊಂಡು ಅದನ್ನು ಕತ್ತರಿಸಿದರೆ, ಮುಂದಿನ ವರ್ಷದ ಅಳತೆಯೂ ಇನ್ನೊಂದು ಮಗುವಿನ ಅಳತೆಯೂ ಮೂಲದಲ್ಲಿ ಭದ್ರವಾಗಿರುತ್ತವೆ.

ಒಂದೇ ಉಡುಪನ್ನು ಹಲವು ಅಳತೆಗಳಲ್ಲಿ ಕಾಗದದ ಮೇಲೆ ಮಾರುವ ಈ ಪದ್ಧತಿಗೆ ದೀರ್ಘ ಚರಿತ್ರೆಯಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬೆನೀಜರ್ ಬಟರಿಕ್ 1863ರಲ್ಲಿ ಇಂಥ ಪ್ಯಾಟರ್ನುಗಳ ಮಾರಾಟವನ್ನು ಆರಂಭಿಸಿದ. ಅವನು ಮೊದಲು ಮಾರಿದವುಗಳಲ್ಲಿ ಹುಡುಗರ ಉಡುಪುಗಳೂ ಇದ್ದವು. ಮನೆಯಲ್ಲಿ ಹೊಲಿಯುವ ತಾಯಂದಿರಿಗೆ ಅಳತೆಯನ್ನು ಹಿಗ್ಗಿಸುವ, ಕುಗ್ಗಿಸುವ ಲೆಕ್ಕವೇ ಎಲ್ಲಕ್ಕಿಂತ ಕಠಿಣ ಎಂಬುದನ್ನು ಆ ದರ್ಜಿ ಅರಿತಿದ್ದ. ಆ ಲೆಕ್ಕದ ಬೆಲೆಯನ್ನೇ ನಾವು ಇಂದಿಗೂ ಕೊಡುತ್ತಿದ್ದೇವೆ.

ಅಳತೆಯ ಪಟ್ಟಿಯಲ್ಲಿರುವ ವಯಸ್ಸನ್ನು ಮಾತ್ರ ನಂಬಬಾರದು. ನನ್ನ ಮಗಳ ಎತ್ತರ 116 ಸೆಂಟಿಮೀಟರ್, ಎದೆಯ ಸುತ್ತಳತೆ 55. ಪಟ್ಟಿಯ ಪ್ರಕಾರ ಎತ್ತರದಲ್ಲಿ ಅವಳು ಆರು ವರ್ಷದವಳು, ಎದೆಯಲ್ಲಿ ಮೂರು ವರ್ಷದವಳು. ತೆಳ್ಳಗೆ ಉದ್ದವಾಗಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಇಂಥದೇ ವ್ಯತ್ಯಾಸ ಕಾಣಬಹುದು. ಆರರ ಅಳತೆಯನ್ನು ಹಾಗೆಯೇ ಕತ್ತರಿಸಿದರೆ ಭುಜ ಜಾರಿ ಕುತ್ತಿಗೆ ಅಗಲವಾಗುತ್ತದೆ, ಮೂರನ್ನು ಕತ್ತರಿಸಿದರೆ ಸೊಂಟದ ಗೆರೆ ಪಕ್ಕೆಲುಬಿನ ಮೇಲೆ ನಿಲ್ಲುತ್ತದೆ. ಎದೆಯ ಅಳತೆಗೆ ಸರಿಯಾದ ಗೆರೆಯನ್ನು ಆರಿಸಿಕೊಂಡು, ಕಂಕುಳಿನಿಂದ ಕೆಳಗೆ ಉದ್ದ ಹೆಚ್ಚಿಸಲೆಂದೇ ಗುರುತಿಸಿರುವ ಅಡ್ಡಗೆರೆಯ ಬಳಿ ಕಾಗದವನ್ನು ಬೇರ್ಪಡಿಸಿ 3 ಸೆಂಟಿಮೀಟರ್ ಸೇರಿಸಿದೆ. ಕುತ್ತಿಗೆ, ಭುಜ, ಕಂಕುಳು ಮೂರೂ ಒಂದೇ ಪ್ರಯತ್ನಕ್ಕೆ ಸರಿಯಾಗಿ ಕೂತವು. ತರಗತಿಯಲ್ಲಿ ಎದೆಯ ಸುತ್ತಳತೆಯ ನಾಲ್ಕನೆಯ ಒಂದು ಭಾಗಕ್ಕೆ ಇಷ್ಟು ಕೂಡಿಸು ಎಂಬ ಸೂತ್ರದಿಂದ ನಾನು ಎಳೆಯುತ್ತಿದ್ದ ಕಂಕುಳಿನ ಬಾಗು ಮುಂದೆಯೂ ಹಿಂದೆಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತಿತ್ತು; ಇಲ್ಲಿ ಮುಂಭಾಗದ ಬಾಗು ಸ್ಪಷ್ಟವಾಗಿ ಹೆಚ್ಚು ಒಳಸರಿದಿದೆ, ಕೈಗಳನ್ನು ಮುಂದಕ್ಕೆ ಚಾಚಿದಾಗ ಅಲ್ಲಿ ಬಟ್ಟೆ ಮುದುಡುವುದಿಲ್ಲ.

ಹೊಲಿಗೆಯ ಅನುಕ್ರಮವನ್ನು ಮನಸಾರೆ ಮೆಚ್ಚುತ್ತೇನೆ. ಕತ್ತರಿಸಿದ ಕೂಡಲೇ, ಇನ್ನೇನನ್ನೂ ಜೋಡಿಸುವ ಮುನ್ನ, ಕುತ್ತಿಗೆಯ ಬಾಗಿನ ಸುತ್ತ ಅಂಚಿಗೆ ಹತ್ತಿರವಾಗಿ ಒಂದು ಸಾಲು ಹೊಲಿಗೆ ಹಾಕಲು ಪುಸ್ತಿಕೆ ಹೇಳುತ್ತದೆ. ಬಾಗಿನಲ್ಲಿ ಎಳೆಗಳು ಓರೆಯಾಗಿ ತುಂಡಾಗಿರುವುದರಿಂದ ಕೈಯಾಡಿದಷ್ಟೂ ಬಟ್ಟೆ ಹಿಗ್ಗುತ್ತದೆ, ಈ ಒಂದು ಸಾಲು ಅದನ್ನು ತಡೆಯುತ್ತದೆ. ಆಮೇಲೆ ಮೇಲ್ಭಾಗವನ್ನೂ ಅದರ ಲೈನಿಂಗನ್ನೂ ಒಳಮುಖ ಹೊರಗಾಗಿ ಸೇರಿಸಿ ಕುತ್ತಿಗೆ ಮತ್ತು ಕಂಕುಳುಗಳನ್ನು ಹೊಲಿದು, ಬಾಗುಗಳಲ್ಲಿ ಸಣ್ಣ ಸಣ್ಣ ಕತ್ತರಿ ಗುರುತು ಕೊಟ್ಟು, ಹಿಂಭಾಗದ ಎರಡು ತುಂಡುಗಳನ್ನು ಭುಜದ ಕೊಳವೆಯೊಳಗಿಂದ ಎಳೆದು ತಿರುವಬೇಕು. ಪಕ್ಕದ ಹೊಲಿಗೆಯನ್ನು ಕೊನೆಗೆ ಲೈನಿಂಗಿನಿಂದ ಆರಂಭಿಸಿ ಮೇಲ್ಬಟ್ಟೆಯವರೆಗೆ ಒಂದೇ ಓಟದಲ್ಲಿ ಮುಗಿಸಬೇಕು. ಸೊಂಟದ ಜೋಡಣೆಯನ್ನೂ ಲೈನಿಂಗಿನ ಅಡಿಯಲ್ಲಿ ಮುಚ್ಚಿ ಕೈಹೊಲಿಗೆ ಹಾಕಿದರೆ ಮೇಲ್ಭಾಗದ ಒಂದೇ ಒಂದು ಹಸಿ ಅಂಚೂ, ಅಂದರೆ ಕತ್ತರಿಸಿ ಹಾಗೆಯೇ ಬಿಟ್ಟ ಅಂಚೂ, ಮಗುವಿನ ಮೈಗೆ ತಾಗುವುದಿಲ್ಲ. ಜರಿಯ ಅಂಚಿರುವ ಬಟ್ಟೆಗಳನ್ನು ಹಾಕಿಕೊಳ್ಳಲು ಮಕ್ಕಳು ಅಳುವುದು ಬಹುಮಟ್ಟಿಗೆ ಈ ಹಸಿ ಅಂಚುಗಳ ಚುಚ್ಚುವಿಕೆಯಿಂದಲೇ ಎಂದು ನಾನು ನಂಬಿದ್ದೇನೆ. ಎಳೆ ಬಿಡದಂತೆ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕಿದರೂ ಆ ಚುಚ್ಚುವಿಕೆ ಪೂರ್ತಿ ಹೋಗುವುದಿಲ್ಲ. ಮೆತ್ತನೆಯ ಮಲ್ ಬಟ್ಟೆಯ ಲೈನಿಂಗ್ ಹಾಕಿದ ಖಣದ ಫ್ರಾಕನ್ನು ನನ್ನ ಮಗಳು ಪಂಚಮಿಯ ದಿನ ಬೆಳಗ್ಗೆ ಹಾಕಿಕೊಂಡವಳು ಜೋಕಾಲಿ ಆಡಿ ರಾತ್ರಿ ಮಲಗುವ ಹೊತ್ತಿಗೇ ಬಿಚ್ಚಿದ್ದು.

ಇನ್ನು ಕೊರತೆಯ ವಿಷಯ. ಈ ಪ್ಯಾಟರ್ನಿನಲ್ಲಿ ಎಲ್ಲ ಕಡೆಯೂ 1 ಸೆಂಟಿಮೀಟರ್ ಮಾರ್ಜಿನ್, ಕೆಳಗೆ 2 ಸೆಂಟಿಮೀಟರ್ ಮಡಿಕೆ. ಅಚ್ಚುಕಟ್ಟಾದ ಹೊಲಿಗೆಗೆ ಅಷ್ಟು ಸಾಕು ನಿಜ, ಆದರೆ ಮಗು ಬೆಳೆದಾಗ ಬಿಡಿಸಿ ಹಿಗ್ಗಿಸಲು ಒಂದು ಎಳೆಯೂ ಉಳಿದಿರುವುದಿಲ್ಲ. ಮುಂದಿನ ವರ್ಷಕ್ಕೆ ಮುಂದಿನ ಅಳತೆಯನ್ನು ಹೊಸ ಬಟ್ಟೆಯಲ್ಲಿ ಕತ್ತರಿಸಬೇಕೆಂಬುದೇ ಇದರ ತಾತ್ಪರ್ಯ. ನಮ್ಮ ಅವ್ವ ನನ್ನ ಪರಕರಗಳಿಗೆ ಕೆಳಗಿನಿಂದ ಗೇಣು ಮೇಲೆ ಎರಡು ಸಾಲು ಅಡ್ಡ ಮಡಿಕೆ ಹಾಕಿರುತ್ತಿದ್ದಳು, ಅವು ನೋಡುವವರಿಗೆ ಅಲಂಕಾರವಾಗಿ ಕಾಣುತ್ತಿದ್ದವು. ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದಂತೆ ಪರಕರ ನನ್ನ ಜೊತೆ ಬೆಳೆಯುತ್ತಿತ್ತು. ಒಂದೂವರೆ ಸೆಂಟಿಮೀಟರಿನ ಒಂದು ಮಡಿಕೆಯಲ್ಲಿ 3 ಸೆಂಟಿಮೀಟರ್ ಬಟ್ಟೆ ಅಡಗಿರುತ್ತದೆ, ಎರಡರಲ್ಲಿ 6. ಪಾಪ್ಲಿನ್ನಿನಲ್ಲಿ ಹೊಲಿದ ಎರಡು ಫ್ರಾಕುಗಳಿಗೆ ನಾನು ಈ ಮಡಿಕೆಗಳನ್ನು ಸೇರಿಸಿದೆ, ಕೆಳ ಅಂಚಿನ ಮಡಿಕೆಯನ್ನು 6 ಸೆಂಟಿಮೀಟರಿಗೆ ಏರಿಸಿದೆ, ಖಣದ ಫ್ರಾಕನ್ನೂ ಸೇರಿಸಿ ಮೂರಕ್ಕೂ ಎರಡೂ ಪಕ್ಕಗಳಲ್ಲಿ 1ರ ಬದಲು ಎರಡೂವರೆ ಸೆಂಟಿಮೀಟರ್ ಬಿಟ್ಟೆ. ಪಕ್ಕದಲ್ಲಿ ಹೀಗೆ ಹೆಚ್ಚಿಸುವವರು ಒಂದು ಎಚ್ಚರ ವಹಿಸಬೇಕು: ಕಂಕುಳಿನ ಬಾಗನ್ನೂ ಅಷ್ಟೇ ಹೊರಗೆ ಮುಂದುವರಿಸಿ, ಮೇಲ್ಬಟ್ಟೆಗೂ ಲೈನಿಂಗಿಗೂ ಒಂದೇ ತೆರನಾಗಿ ಕತ್ತರಿಸಬೇಕು. ಪಕ್ಕದ ಹೊಲಿಗೆ ಎರಡನ್ನೂ ಹಿಡಿದು ಒಂದೇ ಓಟದಲ್ಲಿ ಸಾಗುವುದರಿಂದ, ಮುಂದೆ ಅದನ್ನು ಬಿಚ್ಚಿ ಹೊರಕ್ಕೆ ಸರಿಸಿದಾಗ ಕಂಕುಳೂ ತಾನಾಗಿ ದೊಡ್ಡದಾಗುತ್ತದೆ. ಈ ಪ್ಯಾಟರ್ನಿನ ರಚನೆ ಇಂಥ ಹಿಗ್ಗುವಿಕೆಗೆ ಎಷ್ಟು ಅನುಕೂಲವಾಗಿದೆಯೆಂದರೆ, ರಚಿಸಿದವರು ಅದನ್ನು ಒಂದು ಮಾತಿನಲ್ಲಿಯೂ ಸೂಚಿಸದಿರುವುದು ನನಗೆ ಬೇಸರ ತಂದಿತು.

ಬಟ್ಟೆಯ ಲೆಕ್ಕವೂ ನಮ್ಮದಲ್ಲ. 112 ಸೆಂಟಿಮೀಟರ್ ಅಗಲದ ಬಟ್ಟೆಯಾದರೆ 1 ಮೀಟರ್ 60 ಸೆಂಟಿಮೀಟರ್ ಬೇಕೆಂದು ಪುಸ್ತಿಕೆ ಹೇಳುತ್ತದೆ. ಪಾಪ್ಲಿನ್, ಕೇಂಬ್ರಿಕ್ ಬಟ್ಟೆಗಳಿಗೆ ಅದು ಸರಿಯೇ. ನನ್ನಲ್ಲಿದ್ದ ಖಣದ ಅಗಲವಾದರೋ 31 ಇಂಚು, ಅಂದರೆ ಸುಮಾರು 79 ಸೆಂಟಿಮೀಟರ್, ಮತ್ತು ಎರಡೂ ಬದಿಗೆ ದಡಿ. ಪುಸ್ತಿಕೆಯ ಚಿತ್ರದಂತೆ ಹಾಸಿದರೆ ಕೆಳಭಾಗದ ತುಂಡುಗಳು ಹಿಡಿಸುವುದೇ ಇಲ್ಲ, ಅಂಚಿನ ದಡಿ ಪಕ್ಕದ ಹೊಲಿಗೆಯೊಳಗೆ ಹೂತುಹೋಗುತ್ತದೆ. ಆದರೆ ಈ ಫ್ರಾಕಿನ ಕೆಳಭಾಗ ನೆರಿಗೆ ಹಿಡಿದ ಬರಿಯ ಆಯತವಾದ್ದರಿಂದ ಬಟ್ಟೆಯನ್ನು ಅಡ್ಡ ತಿರುಗಿಸಲು ಅಡ್ಡಿಯಿಲ್ಲ. 80 ಸೆಂಟಿಮೀಟರ್ ಉದ್ದದ ಖಣವನ್ನು ನಡುವೆ ಉದ್ದಕ್ಕೂ ಸೀಳಿದರೆ ಮೂವತ್ತೊಂಬತ್ತೂವರೆ ಸೆಂಟಿಮೀಟರ್ ಎತ್ತರದ ಎರಡು ಪಟ್ಟಿಗಳಾಗುತ್ತವೆ, ಪ್ರತಿಯೊಂದರ ಬುಡದಲ್ಲಿಯೂ ಒಂದೊಂದು ದಡಿ. ಆ ಎರಡನ್ನು ಸೇರಿಸಿದಾಗ ಸುತ್ತಲೂ ದಡಿ ಬಂದ, ಮಡಿಕೆಯೇ ಬೇಡದ, ಒಂದು ಚೂರೂ ವ್ಯರ್ಥವಾಗದ ಕೆಳಭಾಗ ಸಿದ್ಧವಾಯಿತು. ಮಗ್ಗದ ಅಗಲವೇ ಆರು ವರ್ಷದ ಹುಡುಗಿಯ ಮೊಣಕಾಲಿನ ಉದ್ದಕ್ಕೆ ಇಷ್ಟು ಸರಿಯಾಗಿ ಒದಗಿ ಬಂದದ್ದನ್ನು ಕಂಡು ಆ ಮಧ್ಯಾಹ್ನ ನನಗಾದ ಸಂತೋಷವನ್ನು ಇನ್ನೂ ಮರೆತಿಲ್ಲ. ಮೇಲ್ಭಾಗಕ್ಕೆ ಇನ್ನರ್ಧ ಮೀಟರ್ ಹಿಡಿಯಿತು. ಕಾಲರಿಗೆ ಬಿಳಿ ಹತ್ತಿಯನ್ನು ಬಳಸಿದೆ. ಯಾವ ಬಟ್ಟೆಯನ್ನಾದರೂ ಕತ್ತರಿಸುವ ಮೊದಲು ಒಮ್ಮೆ ನೆನೆಸಿ ಒಣಗಿಸಿ ಇಸ್ತ್ರಿ ಮಾಡಲೇಬೇಕು. ಗಾಢ ಬಣ್ಣದ ಖಣವಾದರೆ ಒಂದು ತುಂಡನ್ನು ಬಿಳಿ ಬಟ್ಟೆಯ ಜೊತೆ ನೆನೆಸಿ ಬಣ್ಣ ಬಿಡುವುದೇ ಎಂದು ನೋಡುವುದು ಒಳ್ಳೆಯದು, ಇಲ್ಲವಾದರೆ ಮೊದಲ ಒಗೆತಕ್ಕೇ ಬಿಳಿ ಕಾಲರ್ ಕೆಡುತ್ತದೆ.

ಇನ್ನೊಂದು ಸಂಗತಿಯಲ್ಲಿ ಈ ಪ್ಯಾಟರ್ನ್ ನನ್ನ ರೂಢಿಯನ್ನೇ ತಿದ್ದಿತು. ಹಿಂದೆ ಕುತ್ತಿಗೆಗೆ ಕಸೆ ಕಟ್ಟುವ ಅಂಗಿಗಳನ್ನು ನಾನು ಹೊಲಿಯುತ್ತಿದ್ದೆ, ಇದರಲ್ಲಿ ಗುಂಡಿಗಳು ಮಾತ್ರ ಇವೆ. ಜಾರುಬಂಡಿಗೂ ಬಸ್ಸಿನ ಬಾಗಿಲಿಗೂ ಉಡುಪಿನ ದಾರ ಸಿಕ್ಕಿಕೊಂಡು ಮಕ್ಕಳು ಸತ್ತ ಪ್ರಕರಣಗಳ ಹಿನ್ನೆಲೆಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲಿಯೇ ಮಕ್ಕಳ ಹೊರ ಉಡುಪುಗಳ ಕುತ್ತಿಗೆಯ ಬಳಿ ಎಳೆದು ಕಟ್ಟುವ ದಾರ ಇರಬಾರದೆಂದು ಮಾರ್ಗಸೂಚಿ ಹೊರಡಿಸಿತ್ತು. ಓಡಾಡುವ ವಯಸ್ಸಿನ ಮಕ್ಕಳಿಗೆ ಕುತ್ತಿಗೆಯ ಕಸೆಯನ್ನು ನಾನು ಆಮೇಲೆ ಹಾಕಿಲ್ಲ.

ಅದೇ ಸಂಸ್ಥೆಯ, ಮನೆಮಂದಿಗೆಲ್ಲ ಹೊಂದುವ ಪೈಜಾಮದ ಪ್ಯಾಟರ್ನನ್ನೂ ಕೊಂಡಿದ್ದೆ, ಅದನ್ನು ಶಿಫಾರಸು ಮಾಡಲಾರೆ. ಮುಂದೊಂದು ಹಿಂದೊಂದು ತುಂಡಿನಿಂದಾಗುವ ಆ ಪೈಜಾಮ ಕುರ್ಚಿಯ ಮೇಲೆ ಕೂರುವವರಿಗೆ ಸರಿಹೋಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ ಮಾವನವರಿಗೆ ತೊಡೆಯ ಸಂದಿನಲ್ಲಿ ಹಿಡಿದು, ಎರಡನೆಯ ವಾರಕ್ಕೆ ಹೊಲಿಗೆ ಬಿಟ್ಟಿತು. ನಮ್ಮ ದರ್ಜಿಗಳು ಪೈಜಾಮದ ಕಾಲುಗಳ ನಡುವೆ ಚೌಕದ ತುಂಡೊಂದನ್ನು ಓರೆಯಾಗಿ ಕೂಡಿಸುವುದು ಈ ಕಾರಣಕ್ಕೇ. ಅದನ್ನು ಕೂಡಿಸಿ ಹೊಲಿದುಕೊಟ್ಟ ಮೇಲೆ ಅವರಿಂದ ದೂರು ಬಂದಿಲ್ಲ, ಆದರೆ ಅಷ್ಟನ್ನು ನಾವೇ ಮಾಡುವುದಾದರೆ ಆ ಪ್ಯಾಟರ್ನಿಗೆ ಹಣ ಕೊಡುವ ಅಗತ್ಯವಿಲ್ಲ.

ಫ್ರಾಕಿನ ಪ್ಯಾಟರ್ನನ್ನು, ನೇರ ಹೊಲಿಗೆ ಮತ್ತು ಬಾಗಿನ ಹೊಲಿಗೆ ಎರಡೂ ಕೈಗೆ ಒಗ್ಗಿರುವ ಯಾರಾದರೂ ಧೈರ್ಯವಾಗಿ ಕೊಳ್ಳಬಹುದು. ಹೊಲಿಗೆ ಯಂತ್ರವನ್ನು ಈಗಷ್ಟೇ ತುಳಿಯಲು ಕಲಿಯುತ್ತಿರುವವರು ಲೈನಿಂಗ್ ತಿರುವುವ ಹಂತದಲ್ಲಿ ಕಷ್ಟಪಡುತ್ತಾರೆ, ಅವರು ಮೊದಲು ಹಳೆಯ ಬಟ್ಟೆಯಲ್ಲಿ ಒಮ್ಮೆ ಹೊಲಿದು ನೋಡಲಿ. ಈ ಸಲದ ಪಂಚಮಿಗೆ ಖಣದ ಫ್ರಾಕನ್ನು ಹೊರತೆಗೆದಾಗ ಮಗಳು 6 ಸೆಂಟಿಮೀಟರ್ ಎತ್ತರವಾಗಿದ್ದಳು. ಪಕ್ಕದ ಹೊಲಿಗೆಯನ್ನು ಎರಡೂ ಕಡೆ ಅರ್ಧ ಸೆಂಟಿಮೀಟರ್ ಹೊರಕ್ಕೆ ಸರಿಸಿ, ದಡಿಯನ್ನು ಮುಟ್ಟುವಂತಿಲ್ಲವಾದ್ದರಿಂದ ಸೊಂಟದಲ್ಲಿ ಕಾಲರಿನದೇ ಬಿಳಿ ಬಟ್ಟೆಯ 4 ಸೆಂಟಿಮೀಟರ್ ಪಟ್ಟಿಯೊಂದನ್ನು ಕೂಡಿಸಿದೆ. ಹಳೆಯ ಹೊಲಿಗೆಯ ತೂತುಗಳು ಇಸ್ತ್ರಿಯ ಬಿಸಿಗೆ ಮುಚ್ಚಿಹೋದವು. ಒಳಗೆ ಇನ್ನೂ ಒಂದು ಸೆಂಟಿಮೀಟರ್ ಬಿಡಿಸುವಷ್ಟು ಬಟ್ಟೆಯಿದೆ.