ಕೀನ್ಯಾದ ಮೊಂಬಾಸಾ ಬಂದರಿಗೆ ಹಡಗಿನಲ್ಲಿ ಗಾಡಿ ಕಳಿಸೋ ಮುಂಚೆ ಓದಿ: ಕೊಟೇಷನ್ ಕಡಿಮೆ ಅಂತ ಖುಷಿ ಪಟ್ಟು ನಾವು ಕೆಟ್ಟೆವು

ಇದನ್ನು ಬರೆಯೋದೇ ಬೇಡ ಅಂತ ಇದ್ದೆ. ನಾಚಿಕೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ಎರಡು ಹಾಳೆಯ ಕೊಟೇಷನ್ ಸರಿಯಾಗಿ ಓದಲಿಲ್ಲ ಅಂತ ಊರಿಗೆಲ್ಲ ಹೇಳಿಕೊಳ್ಳೋದು ಯಾರಿಗೆ ಬೇಕು? ಆದರೆ ಹೋದ ವಾರ ದಾವಣಗೆರೆಯಿಂದ ಒಬ್ಬರು ಫೋನ್ ಮಾಡಿದರು. "ಅಕ್ಕಾ, ನಿಮ್ಮ ಬೊಲೆರೊ ಫೋಟೋ ನೋಡಿದ್ವಿ, ಅದೇ ಶಿಪ್ಪಿಂಗ್ ಏಜೆಂಟ್ ಹತ್ರ ನಾವೂ ಅಡ್ವಾನ್ಸ್ ಕೊಡೋಣ ಅಂತಿದೀವಿ, ಹೇಗೆ ಅವರು?" ಅಂದರು. ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಆ ಮಹಾನುಭಾವರು ನಮ್ಮ ಗಾಡಿ ಕಂಟೇನರ್ ಒಳಗೆ ಹೋಗ್ತಿರೋ ಫೋಟೋ ಹಾಕಿಕೊಂಡು ಕೆಳಗೆ "ಹ್ಯಾಪಿ ಕಸ್ಟಮರ್ಸ್" ಅಂತ ಬರೆದಿದ್ದಾರೆ. ಹ್ಯಾಪಿಯಂತೆ! ಈ ವಿಷಯಕ್ಕೆ ನನಗೆ ಬಂದ ಮೂರನೇ ಫೋನ್ ಅದು. ಹಾಗಾಗಿ ಬರೆಯುತ್ತಿದ್ದೇನೆ.

ನಾವು ಶಿವಮೊಗ್ಗದ ಕಡೆಯವರು. ನಮ್ಮ ಮನೆಯವರು ಬ್ಯಾಂಕಿನಿಂದ ವಿಆರ್‌ಎಸ್ ತಗೊಂಡರು, ನಾನು ರಿಟೈರ್ ಆದೆ, ಮಗಳ ಮದುವೆ ಮುಗೀತು. ಗಾಡಿ ಮೇಲೊಂದು ಟೆಂಟ್ ಕಟ್ಟಿಸಿ, ಹಿಂದೆ ಪುಟ್ಟ ಅಡುಗೆಮನೆ ಮಾಡಿಸಿ ಹೊರಟುಬಿಟ್ಟೆವು. ಮೊದಲು ನೇಪಾಳ, ಆಮೇಲೆ ಭೂತಾನ್. ಅದೇ ನಮಗೆ ಮುಳುವಾಯಿತು ಅಂತ ಈಗ ಅನಿಸುತ್ತದೆ. ನೇಪಾಳದ ಗಡಿಯಲ್ಲಿ ಭನ್ಸಾರ್, ಅಂದರೆ ಅಲ್ಲಿನ ಕಸ್ಟಮ್ಸ್ ಚೀಟಿ ಮಾಡಿಸಿ ದಿನಕ್ಕಿಷ್ಟು ಅಂತ ಕಟ್ಟಿದರೆ ಮುಗೀತು, ಭೂತಾನಿನಲ್ಲಿ ಒಬ್ಬರಿಗೆ ರಾತ್ರಿಗೆ 1,200 ರೂಪಾಯಿ, ಗಾಡಿಗೆ ಬೇರೆ ಕಟ್ಟಿ ಪರ್ಮಿಟ್ ತಗೊಂಡರೆ ಮುಗೀತು. ಇಷ್ಟೇ ಅಲ್ವಾ ಫಾರಿನ್ ಟ್ರಿಪ್ ಅಂದರೆ ಅಂತ ಇಬ್ಬರಿಗೂ ಕೊಂಬು ಬಂದಿತ್ತು.

ಅದರಾಚೆ ಹೋಗಬೇಕು ಅಂದಾಗ ಗೊತ್ತಾಗೋದು, ರಸ್ತೆ ಲೆಕ್ಕದಲ್ಲಿ ನಮ್ಮ ದೇಶ ಒಂದು ದ್ವೀಪ. ವಾಘಾ ದಾಟಿ ಸ್ವಂತ ಗಾಡಿಯಲ್ಲಿ ಹೋಗೋ ಮಾತೇ ಇಲ್ಲ, ಮ್ಯಾನ್ಮಾರ್ ದಾರಿ 2021ರ ಮಿಲಿಟರಿ ಗಲಾಟೆ ಆದಮೇಲೆ ಮುಚ್ಚಿದ ಹಾಗೇ, ಚೀನಾಗೆ ಹೋಗಬೇಕಾದರೆ ಗೈಡ್ ಜೊತೆಗಿರಬೇಕು, ಅಲ್ಲಿನ ತಾತ್ಕಾಲಿಕ ನಂಬರ್ ಪ್ಲೇಟ್ ಬೇಕು, ಮೊದಲೇ ಹೇಳಿದ ದಾರಿ ಬಿಟ್ಟು ಅಲ್ಲಾಡೋ ಹಾಗಿಲ್ಲ. ಹಾಗಾಗಿ ಎಲ್ಲರ ಹಾಗೆ ನಾವೂ ಹಡಗಿಗೆ ಹಾಕೋಣ ಅಂದುಕೊಂಡೆವು. ಮೊಂಬಾಸಾದಲ್ಲಿ ಇಳಿಸಿ ಕೀನ್ಯಾ, ತಾಂಜಾನಿಯಾ, ಮಲಾವಿ, ಜಾಂಬಿಯಾ ಅಂತ ಇಳಿದುಕೊಂಡು ಕೇಪ್ ಟೌನ್ ತನಕ. ಪೂರ್ತಿ ದಾರಿ ನಮ್ಮ ಹಾಗೇ ಎಡಗಡೆ ಓಡಿಸೋ ದೇಶಗಳು, ಅದೊಂದು ದೊಡ್ಡ ಸಮಾಧಾನ.

ಕಾರ್ನೆಟ್ ಮಾಡಿಸಿದೆವು. ಅದು ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ, ಒಳಗೆ ಹೋಗುವಾಗ ಒಂದು ಠಸ್ಸೆ, ಹೊರಗೆ ಬರುವಾಗ ಒಂದು, ಹೊರಗಿನದು ತಪ್ಪಿದರೆ ಗಾಡಿ ಅಲ್ಲೇ ಮಾರಿದಿರಿ ಅಂತ ಸುಂಕ ಕೇಳುತ್ತಾರೆ. ಒಂದೇ ವರ್ಷ ವಾಯಿದೆ. ಆ ಕೆಲಸದಲ್ಲಿ ಏನೂ ತೊಂದರೆ ಆಗಲಿಲ್ಲ, ಸುಮ್ನೆ ಹೇಳಬಾರದು.

ತೊಂದರೆ ಆಗಿದ್ದು ಶಿಪ್ಪಿಂಗ್‌ನಲ್ಲಿ. ನಾವು ಮೂವರ ಹತ್ತಿರ ರೇಟ್ ಕೇಳಿದೆವು. ಮುಂಬೈನ ಒಬ್ಬರು ಅಲ್ಲಿನ ನಾವಾ ಶೇವಾ ಬಂದರಿನಿಂದ 2,75,000 ರೂಪಾಯಿ, ಮೊಂಬಾಸಾದಲ್ಲಿ ಅಂದಾಜು 900 ಡಾಲರ್ ಬೇರೆ, ಯಾವುದಕ್ಕೆ ಎಷ್ಟು ಅಂತ ಪಟ್ಟಿ ಸಮೇತ ಕೊಟ್ಟರು. ಇನ್ನೊಬ್ಬರು ಅದಕ್ಕಿಂತ ಜಾಸ್ತಿ. ಮೂರನೆಯವರು ಈ ನಮ್ಮ ಮಹಾನುಭಾವರು, ಬೆಂಗಳೂರಿನಲ್ಲಿ ಆಫೀಸು, 1,85,000 ರೂಪಾಯಿ, "ಆಲ್ ಇನ್ಕ್ಲೂಸಿವ್ ಸಾರ್, ನೀವು ಫ್ಲೈಟ್ ಇಳಿದು ಕೀ ತಗೊಂಡು ಹೊರಡೋದಷ್ಟೇ." ಮಾತಾಡ್ತಾ ಮಾತಾಡ್ತಾ "ನಮ್ಮಮ್ಮನ ಊರೂ ನಿಮ್ಮ ಕಡೆನೇ ಸಾರ್, ಹೊಸನಗರ" ಅಂದರು. ಮುಗೀತು. ನಮ್ಮ ಮನೆಯವರಿಗೆ ಮಲೆನಾಡಿನವರು ಅಂದರೆ ಅಲ್ಲಿಗೆ ತಲೆ ಕೆಲಸ ಮಾಡೋದು ನಿಲ್ಲುತ್ತದೆ. ಕಡುಬು, ಕಳಲೆ ಅಂತ ಅರ್ಧ ಗಂಟೆ ಮಾತಾಡಿದರು ಇಬ್ಬರೂ. ಮುಂಬೈಯವರು ದುಡ್ಡು ಬಾಕರು ಅಂತ ನಾನೇ ಅಂದೆ. ಹೌದು, ನಾನೇ ಅಂದೆ. ಆ ಮನುಷ್ಯರು ಒಂದೊಂದು ಡಾಲರಿಗೂ ಲೆಕ್ಕ ಬರೆದುಕೊಟ್ಟಿದ್ದರು.

ಗಾಡಿ ತುಂಬಿಸೋ ದಿನ ಎಲ್ಲ ಚೆನ್ನಾಗೇ ಇತ್ತು. ಟೆಂಟ್ ಸೇರಿ ನಮ್ಮ ಗಾಡಿ 7 ಅಡಿ 2 ಇಂಚು, ಇಪ್ಪತ್ತಡಿ ಕಂಟೇನರಿನ ಬಾಗಿಲು 7 ಅಡಿ 5 ಇಂಚು ಚಿಲ್ಲರೆ. ಉಸಿರು ಬಿಗಿ ಹಿಡಿದು ನಿಂತಿದ್ದೆ. ಬ್ಯಾಟರಿ ವೈರ್ ಬಿಚ್ಚಿದರು, ಚಕ್ರಕ್ಕೆ ಮರದ ತುಂಡು ಕೊಟ್ಟು ಬೆಲ್ಟ್ ಬಿಗಿದರು. ಆಗ ಅವರ ಹುಡುಗ ತೆಗೆದ ಫೋಟೋನೇ ಈಗ ಓಡಾಡುತ್ತಿರೋದು. ಆಮೇಲೆ ಒಂದು ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿಗೆ ಹಾಕಿದ ಸರಕಿನ ರಸೀದಿ ಕೊಟ್ಟರು. ಅದರ ತಲೆ ಮೇಲೆ ಹಡಗು ಕಂಪನಿ ಹೆಸರಿಲ್ಲ, ಏಜೆಂಟರದೇ ಕಂಪನಿ ಹೆಸರು. ನೋಡಿದೆ. ನೋಡಿ ಫೈಲಿಗೆ ಹಾಕಿದೆ. ಇದು ಯಾಕೆ ಹೀಗೆ ಅಂತ ಒಂದು ಮಾತು ಕೇಳಲಿಲ್ಲ.

ಅದನ್ನು ಹೌಸ್ ಬಿಲ್ ಅಂತಾರೆ. ಹಡಗು ಕಂಪನಿ ಕೊಡೋ ಅಸಲಿ, ಅಂದರೆ ಮಾಸ್ಟರ್ ಬಿಲ್, ಏಜೆಂಟರ ಹೆಸರಿಗೆ ಇರುತ್ತದೆ. ನಮ್ಮ ಕೈಗೆ ಬರೋದು ಏಜೆಂಟರೇ ಬರೆದ ಚೀಟಿ. ಅದರಲ್ಲಿ ತಪ್ಪೇನೂ ಇಲ್ಲ, ದಿನಾ ನಡೆಯೋ ವ್ಯವಹಾರವೇ. ಆದರೆ ಆ ಕಡೆ ಬಂದರಿನಲ್ಲಿ ಹಡಗು ಕಂಪನಿಗೂ ನಮಗೂ ಸಂಬಂಧವೇ ಇರಲ್ಲ. ಏಜೆಂಟರ ಅಲ್ಲಿನ ಪಾಲುದಾರರ ಕಚೇರಿಗೇ ಹೋಗಿ, ಅವರು ಕೇಳಿದಷ್ಟು ಕಟ್ಟಿದರೆ ಮಾತ್ರ ಡೆಲಿವರಿ ಆರ್ಡರ್, ಅಂದರೆ ಗಾಡಿ ಬಿಡಿಸಿಕೊಳ್ಳೋ ಚೀಟಿ. ಅವರು ಎಷ್ಟು ಬೇಕಾದರೂ ಕೇಳಬಹುದು, ಯಾಕೆಂದರೆ ನಮ್ಮ ಗಾಡಿ ಬಂದರಿನ ಒಳಗಿದೆ. ಜುಟ್ಟು ಅವರ ಕೈಯಲ್ಲಿ.

ನಾವು ನೈರೋಬಿಗೆ ಹಾರಿ, ಅಲ್ಲಿಂದ ರೈಲಿನಲ್ಲಿ ಮೊಂಬಾಸಾಗೆ ಬಂದೆವು. ತ್ಸಾವೋ ಕಾಡಿನಲ್ಲಿ ಕೆಂಪು ಮಣ್ಣು ಮೆತ್ತಿಕೊಂಡ ಆನೆಗಳು ಕಿಟಕಿಯಿಂದಲೇ ಕಂಡವು. ಮೊಂಬಾಸಾ ಥೇಟ್ ಮಂಗಳೂರು, ಅದೇ ಬೆವರು, ಅದೇ ತೆಂಗಿನಮರ. ಮಾರನೇ ದಿನ ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಆ ಪಾಲುದಾರರ ಆಫೀಸಿಗೆ ಹೋದೆವು, ಮೋಯಿ ಅವೆನ್ಯೂನಲ್ಲಿ ಆನೆ ದಂತದ ಆಕಾರದ ದೊಡ್ಡ ಕಮಾನು ಇದೆಯಲ್ಲ, ಅಲ್ಲಿಂದ ಸ್ವಲ್ಪ ಮುಂದೆ. ಕೀ ತಗೊಂಡು ಹೊರಡೋದಷ್ಟೇ ಅಲ್ವಾ! ಕೈಗೆ ಬಿಲ್ ಕೊಟ್ಟರು. ಡೆಲಿವರಿ ಆರ್ಡರ್ 150 ಡಾಲರ್, ಡಾಕ್ಯುಮೆಂಟೇಷನ್ 180, ಪೋರ್ಟ್ ಹ್ಯಾಂಡ್ಲಿಂಗ್ 420, ಏಜೆನ್ಸಿ ಫೀ 650, ಕೋಆರ್ಡಿನೇಷನ್ 400, ಕಾರ್ನೆಟ್ ಪ್ರೊಸೆಸಿಂಗ್ 550. ಒಟ್ಟು 2,350 ಡಾಲರ್. ಸುಮಾರು ಎರಡು ಲಕ್ಷ ರೂಪಾಯಿ. ಹಡಗಿಗೆ ಕೊಟ್ಟಿದ್ದಕ್ಕಿಂತ ಇಳಿಸೋದಕ್ಕೆ ಜಾಸ್ತಿ!

ಬೆಂಗಳೂರಿಗೆ ಫೋನ್ ಮಾಡಿದೆವು. "ಸಾರ್ ಟೆನ್ಷನ್ ತಗೋಬೇಡಿ, ಏನೋ ಮಿಸ್ಟೇಕ್ ಆಗಿದೆ, ನಾನು ಮಾತಾಡ್ತೀನಿ." ಎರಡು ದಿನ. "ಮೇಡಂ, ಅಲ್ಲಿನವರು ಕೇಳ್ತಿಲ್ಲ." ಮತ್ತೆ ಎರಡು ದಿನ. "ಮೇಡಂ, ಕೊಟೇಷನ್ ಎರಡನೇ ಪೇಜ್ ನೋಡಿ." ನೋಡಿದೆ. ಕೊನೆಯಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ, ಆ ಕಡೆಯ ಖರ್ಚು "ಆ್ಯಕ್ಚುವಲ್ಸ್" ಪ್ರಕಾರ, ಅಂದರೆ ಅಲ್ಲಿ ಎಷ್ಟಾಗುತ್ತೋ ಅಷ್ಟು, ಅಂತ ಒಂದು ಸಾಲು. ಬಾಯಲ್ಲಿ ಆಲ್ ಇನ್ಕ್ಲೂಸಿವ್, ಕಾಗದದಲ್ಲಿ ಆ್ಯಕ್ಚುವಲ್ಸ್. ಅಷ್ಟರಲ್ಲಿ ಬಂದರಿನವರು ಕೊಡೋ ಪುಕ್ಕಟೆ ದಿನಗಳು ಮುಗಿಯುತ್ತಾ ಬಂದಿದ್ದವು. ಆಮೇಲೆ ಬಂದರಿಗೆ ಜಾಗದ ಬಾಡಿಗೆ, ಹಡಗು ಕಂಪನಿಗೆ ಕಂಟೇನರಿನ ಬಾಡಿಗೆ, ದಿನದ ಲೆಕ್ಕ. ಇದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಾವು ಜಗಳ ಆಡಿದಷ್ಟು ದಿನ ನಮ್ಮ ಮೇಲೇ ಮೀಟರ್ ಓಡುತ್ತದೆ. ಒಂಬತ್ತು ದಿನ ಓಡಿತು.

ಇನ್ನು ಅಸಲು ಕಥೆ. ಬಿಲ್ ಕಾಗದದಲ್ಲಿ ಬೇಡ, ಮೇಲ್ ಮಾಡಿ, ಬೆಂಗಳೂರಿಗೆ ತೋರಿಸಬೇಕು ಅಂತ ಆ ಆಫೀಸಿನ ಹುಡುಗಿಗೆ ಕೇಳಿದ್ದೆ. ಪಾಪ ಅವಳು ಇದ್ದ ಮೇಲನ್ನು ಹಾಗೇ ಫಾರ್ವರ್ಡ್ ಮಾಡಿದಳು. ರಾತ್ರಿ ಲಾಡ್ಜಿನಲ್ಲಿ ಕೂತು ಬಿಲ್ ಕೆಳಗೆ ಕೆಳಗೆ ಹೋಗ್ತಾ ಇದ್ದೆ, ಹಳೇ ಮೇಲುಗಳೆಲ್ಲ ಅದರ ಬಾಲದಲ್ಲೇ ಇದ್ದವು. ನಮ್ಮ ಮಲೆನಾಡಿನ ಮಹಾನುಭಾವರು ಮೊಂಬಾಸಾದವರಿಗೆ ಇಂಗ್ಲಿಷಿನಲ್ಲಿ ಬರೆದಿದ್ದರು. ನಮ್ಮ ಪಾಲು 1,100 ಡಾಲರ್ ಸೇರಿಸಿ ಅಲ್ಲೇ ಬಿಲ್ ಮಾಡಿ. ಗಿರಾಕಿಗಳು ಟೂರಿಸ್ಟ್‌ಗಳು, ವಯಸ್ಸಾದ ಗಂಡ ಹೆಂಡತಿ, ಹೆಚ್ಚು ಪ್ರಶ್ನೆ ಕೇಳುವವರಲ್ಲ.

ಮೂರು ಸಲ ಓದಿದೆ. ಮನೆಯವರು ಸೊಳ್ಳೆಪರದೆ ಒಳಗೆ ನಿದ್ದೆ ಮಾಡ್ತಾ ಇದ್ದರು, ಎಬ್ಬಿಸಲಿಲ್ಲ. ದುಡ್ಡಿಗಿಂತ ಆ ಕೊನೆಯ ಸಾಲು. ಹೆಚ್ಚು ಪ್ರಶ್ನೆ ಕೇಳುವವರಲ್ಲ. ನಿಜ ತಾನೇ? ಕೇಳಿರಲಿಲ್ಲ ತಾನೇ? ಹೊಸನಗರದಲ್ಲಿ ಯಾವ ಬೀದಿ ಅಂತ ಕೇಳಿದ್ದೆವು, ಮಳೆ ಹೇಗೆ ಅಂತ ಕೇಳಿದ್ದೆವು, ಬಿಲ್ ಯಾರ ಹೆಸರಿಗೆ ಅಂತ ಮಾತ್ರ ಕೇಳಲಿಲ್ಲ. ಇಲ್ಲಿಂದ ಮುಂದೆ ನಾನು ಆ ಮನುಷ್ಯನಿಗೆ ಬಹುವಚನ ಕೊಡಲ್ಲ, ಕ್ಷಮಿಸಿ.

ಬೆಳಿಗ್ಗೆ ಅದೇ ಮೇಲನ್ನು ಅವನಿಗೇ ಕಳಿಸಿದೆ. ಎರಡು ಗಂಟೆ ಉತ್ತರ ಇಲ್ಲ. ಆಮೇಲೆ, "ಮೇಡಂ ಇದು ಇಂಡಸ್ಟ್ರಿ ಪ್ರಾಕ್ಟೀಸ್." ನಾನು ಕೇಳಿದೆ, ವಯಸ್ಸಾದವರು ಅಂತ ನೋಡಿಕೊಂಡು ಬಿಲ್ ಏರಿಸೋದು ಯಾವ ಪ್ರಾಕ್ಟೀಸಪ್ಪಾ? "ಮೇಡಂ ಅದು ನಿಮಗೆ ಹೆಲ್ಪ್ ಮಾಡ್ಲಿ ಅಂತ ಬರೆದಿದ್ದು." ಹೆಲ್ಪು! ಇನ್ನೊಂದು ವಾಯ್ಸ್ ಮೆಸೇಜು, ನಗ್ತಾ ನಗ್ತಾ: "ವರ್ಲ್ಡ್ ಟೂರ್ ಮಾಡೋರು ನೀವು, ಎರಡು ಲಕ್ಷಕ್ಕೆ ಇಷ್ಟು ತಲೆ ಕೆಡಿಸ್ಕೊಂಡ್ರೆ ಹೇಗೆ ಮೇಡಂ? ಫೋನ್ ಸಾರ್‌ಗೆ ಕೊಡಿ, ಇವೆಲ್ಲ ನಿಮಗೆ ಅರ್ಥ ಆಗಲ್ಲ." ಆ ಮೆಸೇಜ್ ಇವತ್ತಿಗೂ ಅಳಿಸಿಲ್ಲ ನಾನು. ಸಾರ್‌ಗೆ ಕೊಟ್ಟೆ. ಸಾರ್ ಜೀವನದಲ್ಲಿ ಮೊದಲ ಸಲ ಒಬ್ಬ ಮಲೆನಾಡಿನವನಿಗೆ ಬೈದರು.

ಬೈದರೆ ಗಾಡಿ ಬರುತ್ತಾ? ದಿನಾ ಆ ಆಫೀಸಿಗೆ ಹೋಗೋದು, "ಕೇಶೋ" ಅನ್ನೋದು ಅವರು, ಅಂದರೆ ನಾಳೆ. ಮಧ್ಯಾಹ್ನ ಬೀದಿ ಬದಿಯ ಹೋಟೆಲಿನಲ್ಲಿ ಚಪಾತಿ, ಹುರುಳಿಯ ಹಾಗಿರೋ ಕಾಳಿನ ಪಲ್ಯ. ಅಲ್ಲಿ ಗಾಡಿಗೆ ಗಾರಿ ಅಂತಾರೆ, ನಮ್ಮ ಕಡೆಯದೇ ಮಾತು. ಹೋಟೆಲಿನ ಹೆಂಗಸು ದಿನಾ ಕೇಳೋಳು, ಗಾರಿ ಬಂತಾ? ಇಲ್ಲಮ್ಮ. ಕೊನೆಗೆ 2,350ರ ಜೊತೆ ಬಾಡಿಗೆ 610 ಸೇರಿ 2,960 ಡಾಲರ್ ಕಟ್ಟಿ ಬಿಡಿಸಿಕೊಂಡೆವು. ಕಾರ್ನೆಟ್ ಪ್ರೊಸೆಸಿಂಗ್ ಅಂತ 550 ತಗೊಂಡರಲ್ಲ, ಕಸ್ಟಮ್ಸ್ ಅಧಿಕಾರಿ ನನ್ನೆದುರಿಗೇ ಹತ್ತು ನಿಮಿಷದಲ್ಲಿ ಠಸ್ಸೆ ಒತ್ತಿ ಕೊಟ್ಟರು, ಒಂದು ಶಿಲ್ಲಿಂಗ್ ತಗೊಳ್ಳಲಿಲ್ಲ, ಮೇಲೆ ಕರಿಬೂ ಅಂತ ಸ್ವಾಗತ ಬೇರೆ ಹೇಳಿದರು.

ಲೆಕ್ಕ ಟೀಚರ್ ಲೆಕ್ಕ ಕೇಳಿ. 84 ರೂಪಾಯಿಗೆ ಒಂದು ಡಾಲರ್ ಹಿಡಿದರೆ ನಮಗೆ ಬಿದ್ದಿದ್ದು ಒಟ್ಟು 4,34,000 ಹತ್ತಿರ. ಮುಂಬೈಯವರ "ದುಬಾರಿ" ಕೊಟೇಷನ್ 2,75,000 ಮತ್ತು 900 ಡಾಲರ್, ಒಟ್ಟು 3,50,000 ಚಿಲ್ಲರೆ. ಅಗ್ಗ ಅಂತ ಹೋಗಿ 83,000 ಜಾಸ್ತಿ ಕೊಟ್ಟೆವು. ಕೀನ್ಯಾದ ಪ್ರಾಣಿಧಾಮ ಮಾಸಾಯಿ ಮಾರಾದಲ್ಲಿ ಆ ತಿಂಗಳು ಹೊರಗಿನವರಿಗೆ ಪ್ರವೇಶ ತಲೆಗೆ ದಿನಕ್ಕೆ 200 ಡಾಲರ್ ಇತ್ತು. ಅವನ ಪಾಲು 1,100 ಇತ್ತಲ್ಲ, ಅದರಲ್ಲಿ ಇಬ್ಬರೂ ಎರಡು ದಿನ ಮಾರಾ ನೋಡಿ, ಮಿಕ್ಕಿದ್ದರಲ್ಲಿ ಊಟ ತಿಂಡಿ ಮಾಡಬಹುದಿತ್ತು. ಕಾಡೆಮ್ಮೆ ಹಾಗಿರೋ ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟೋ ಕಾಲ ಅದು. ಮನೆಯವರು ಹತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದರು. ಬಿಟ್ಟು ತಾಂಜಾನಿಯಾ ಕಡೆ ತಿರುಗಿದೆವು.

ಫೋನ್ ಮಾಡಿ ಏನು ಮಾಡಬೇಕು ಅಂತ ಕೇಳೋರಿಗೆ ನಾನು ಹೇಳೋದು ಇಷ್ಟು. ಗಾಡಿ ಕಂಟೇನರಿಗೆ ಹತ್ತೋ ಮುಂಚೆ ಹೌಸ್ ಬಿಲ್ಲೋ ಮಾಸ್ಟರ್ ಬಿಲ್ಲೋ ಕೇಳಿ, ಆ ಕಡೆ ಪಾಲುದಾರರು ಯಾರು ಅಂತ ಕೇಳಿ, ನೀವೇ ಅವರಿಗೆ ಬರೆದು ಪ್ರತಿಯೊಂದು ಖರ್ಚಿನ ಪಟ್ಟಿ ತರಿಸಿಕೊಳ್ಳಿ. ಕೊಡಲ್ಲ ಅಂದರೆ ಎದ್ದು ಬನ್ನಿ. "ಆ್ಯಕ್ಚುವಲ್ಸ್" ಅನ್ನೋ ಪದ ಕಂಡರೆ ಓಡಿ. ಮತ್ತೆ ಊರು ಯಾವುದು ಅಂತ ಮಾತ್ರ ಕೇಳಬೇಡಿ.

ದೀಪಾವಳಿಗೆ ಅವನಿಂದ ಶುಭಾಶಯ ಬಂದಿತ್ತು, ದೀಪ ಉರಿಯೋ ಚಿತ್ರ, ಕೆಳಗೆ ಕಂಪನಿ ಹೆಸರು. ಉತ್ತರ ಕೊಡಲಿಲ್ಲ. ಮೊನ್ನೆ ದಾವಣಗೆರೆಯವರ ಫೋನ್ ಬಂದ ಮೇಲೆ ಮಾತ್ರ ಬರೆದೆ, ನಮ್ಮ ಗಾಡಿ ಫೋಟೋ ತೆಗೆದುಹಾಕು, ನಾವು ನಿನ್ನ ಹ್ಯಾಪಿ ಕಸ್ಟಮರ್ ಅಲ್ಲ ಅಂತ. ತಕ್ಷಣ ಉತ್ತರ ಬಂತು, ಈ ಸಲ ಮಾತ್ರ ಎರಡು ನಿಮಿಷದಲ್ಲಿ.

"ಮೇಡಂ, ನಂಬರ್ ಪ್ಲೇಟ್ ಬ್ಲರ್ ಮಾಡಿದೀನಲ್ಲ?"